ನಮ್ಮ ಚರ್ಚಿನ ಚರಿತ್ರೆ ಎರಡು ಪುಟದಲ್ಲಿ ಬರೀಬೇಕು, ಎಲ್ಲಿಂದ ಶುರು ಮಾಡಲಿ?

ಕೇಶ್ವಾಪುರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಕಥೋಲಿಕ ಚರ್ಚಿನವಳು. ಈ ಸಲದ ಹಬ್ಬಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದಾರೆ. "ಧರ್ಮಕೇಂದ್ರದ (ಅಂದರೆ ನಮ್ಮ ಪ್ಯಾರಿಷ್‌ನ) ಚರಿತ್ರೆ ಮತ್ತು ಧ್ಯೇಯ" ಅಂತ ಎರಡು ಪುಟ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ, ಯಾಕಂದ್ರೆ ಯೂತ್ ಗ್ರೂಪಿನಲ್ಲಿ ಕನ್ನಡ ಟೈಪಿಂಗ್ ಬರುವುದು ನನಗೊಬ್ಬಳಿಗೇ. ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಕೊಂಕಣಿಯವರು "ಗೋವಾದಿಂದ ಬಂದ ನಮ್ಮಜ್ಜಂದಿರು ಕಟ್ಟಿಸಿದ್ದು" ಅಂತಾರೆ, ತಮಿಳಿನವರು "ದುಡ್ಡು ಅವರದಿರಬಹುದು, ಕಲ್ಲು ಹೊತ್ತವರು ನಾವು" ಅಂತಾರೆ, ಇನ್ನೊಬ್ಬರು 1839ರಲ್ಲಿ ಜರ್ಮನ್ ಪಾದ್ರಿಗಳು ಶುರು ಮಾಡಿದ್ದು ಅಂದರು. ಯಾವುದನ್ನು ಬರೆಯಲಿ? ಇನ್ನು ಧ್ಯೇಯ. "ಪ್ರೀತಿ, ಸೇವೆ, ಐಕ್ಯತೆ" ಅಂತ ಬರೆದು ಅಳಿಸಿದೆ. ಅದನ್ನು ಯಾವ ಬ್ಯಾಂಕಿನ ಗೋಡೆಗಾದರೂ ಅಂಟಿಸಬಹುದು.

ಮೀಟರ್ ಗೇಜ್:
ಮೊದಲು ಆ 1839 ತೆಗೀರಿ. ಅದು ಬಾಸೆಲ್ ಮಿಷನ್ ಹುಬ್ಬಳ್ಳಿಗೆ ಬಂದ ವರ್ಷ. ಧಾರವಾಡಕ್ಕೆ 1837, ಬೆಟಗೇರಿಗೆ 1841. ಅವರು ಪ್ರೊಟೆಸ್ಟೆಂಟರು, ಅವರ ಚರ್ಚುಗಳು ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮೂರಲ್ಲಿ ಆಟೋದವರಿಗೆ ಚರ್ಚ್ ಅಂದರೆ ಎಲ್ಲ ಒಂದೇ, ಸಂಚಿಕೆಯಲ್ಲೂ ಹಾಗಾಗಬಾರದು ಅಲ್ವಾ.

ನಮ್ಮ ಕಥೆ ರೈಲಿನ ಜೊತೆ ಜಾಸ್ತಿ ಹೆಣೆದುಕೊಂಡಿದೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಆಯಿತು, ಅದೇ ದಶಕದಲ್ಲಿ ಹುಬ್ಬಳ್ಳಿ ವರ್ಕ್‌ಶಾಪ್ ಬಂತು. ಕೆಲಸಕ್ಕೆ ಗೋವಾದವರು, ಆಂಗ್ಲೋ ಇಂಡಿಯನ್ನರು, ತಮಿಳರು, ತೆಲುಗರು ಬಂದರು. ಯಾರೂ ಚರ್ಚ್ ಕಟ್ಟಲು ಬಂದವರಲ್ಲ, ಪಗಾರಕ್ಕೆ ಬಂದವರು. ನಮ್ಮಪ್ಪನೂ ಹಾಗೇ, ಫಿಟ್ಟರ್ ಆಗಿದ್ದ. ಭಾನುವಾರ ಎಷ್ಟು ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸ್ ಉಳಿದಿರುತ್ತಿತ್ತು, ಪ್ರಸಾದಕ್ಕೆ ಕೈ ಚಾಚಲು ನಾಚಿಕೊಂಡು ನಾಲಿಗೆ ಮೇಲೇ ತಗೊಳ್ಳುತ್ತಿದ್ದ. ಹುಬ್ಬಳ್ಳಿ ಸೇರಿರುವ ಬೆಳಗಾವಿ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ಪ್ರದೇಶ, ಡಯೋಸಿಸ್) ಆಗಿದ್ದು 1953ರಲ್ಲಿ, ಅದನ್ನೂ ಒಂದು ಸಾಲು ಹಾಕಿ ಸಾಕು.

ಹಳೇ ಕಾಗದ:
ಹಿರಿಯರ ಕಥೆಗಳನ್ನು ಪಕ್ಕಕ್ಕಿಟ್ಟು ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ನೋಡಿ. 1563ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಕಡ್ಡಾಯ ಮಾಡಿದಾಗಿನಿಂದ ಪ್ರತಿ ಧರ್ಮಕೇಂದ್ರ ಇದನ್ನು ಇಡಲೇಬೇಕು. ಹಳೆಯದು ಲ್ಯಾಟಿನ್‌ನಲ್ಲಿದ್ದರೆ ಹೆದರಬೇಡಿ, ಜಾನ್ ಅನ್ನುವವನು ಯೋವಾನ್ನೆಸ್ ಆಗಿರುತ್ತಾನೆ, ಅಷ್ಟೇ. ಅಪ್ಪನ ಕಸುಬಿಗೆ ಒಂದು ಕಾಲಂ ಇದ್ದರೆ ನಿಮ್ಮ ಪುಣ್ಯ. ಆದರೆ ನಾನು ಮೊದಲು ನೋಡುವುದು ಜ್ಞಾನತಂದೆ, ಜ್ಞಾನತಾಯಿಯ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಗಾಡ್‌ಫಾದರ್, ಗಾಡ್‌ಮದರ್) ಕಾಲಂ. ಯಾರ ಮಗುವನ್ನು ಯಾರು ಎತ್ತಿ ಹಿಡಿದರು ಅನ್ನುವುದು ಅಲ್ಲಿರುತ್ತೆ. ಫಾದರ್ ಅನುಮತಿ ಕೇಳಿ, ಆದರೆ ಬದುಕಿರುವವರ ಹೆಸರನ್ನು ಸಂಚಿಕೆಯಲ್ಲಿ ಹಾಕಬೇಡಿ.

ಹಾವೇರಿ ಕಡೆಯವನು:
ಚೆಂದದ ಮಾತಷ್ಟೇ ಬರೆಯಬೇಡಿ ತಂಗಿ. ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಚರ್ಚಿನಲ್ಲಿ (ಹೆಸರು ಬೇಡ) ಮುಂದಿನ ಬೆಂಚುಗಳು ಕೆಲವು ಮನೆತನಗಳಿಗೇ ಅನ್ನುವ ಹಾಗಿತ್ತು. ಹಳ್ಳಿಯಿಂದ ಬಂದ ನಾವು ಹಿಂದೆ ಚಾಪೆ ಮೇಲೆ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಆದರೆ ಗೊತ್ತಾಗುತ್ತಿತ್ತು. ಒಂದು ತಮಾಷೆ ಅಂದ್ರೆ, ಪೂಜೆ (ಮಾಸ್) ಲ್ಯಾಟಿನ್‌ನಲ್ಲಿ ಇದ್ದಾಗ ಭಾಷೆ ಜಗಳವೇ ಇರಲಿಲ್ಲವಂತೆ, ಯಾರಿಗೂ ಅರ್ಥ ಆಗುತ್ತಿರಲಿಲ್ಲವಲ್ಲ! ಎರಡನೇ ವ್ಯಾಟಿಕನ್ ಮಹಾಸಭೆ (1962–65) ಆದಮೇಲೆ ಜನರ ಭಾಷೆ ಬಂತು, ಯಾರ ಭಾಷೆಗೆ ಎಂಟು ಗಂಟೆ, ಯಾರದಕ್ಕೆ ಬೆಳಗಿನ ಆರು ಅನ್ನುವ ಹಗ್ಗಜಗ್ಗಾಟವೂ ಬಂತು. ನಿಮ್ಮ ಪೂಜೆ ಸಮಯದ ಬೋರ್ಡ್ ನೋಡಿ, ಎಷ್ಟು ಸಲ ಬಣ್ಣ ಬಳಿದು ತಿದ್ದಿದ್ದಾರೆ ಅಂತ. ಧ್ಯೇಯ ಅಲ್ಲಿಂದ ಬರೆಯಿರಿ.

ಇನ್ನೊಂದು. ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಮಂಗಳೂರು ಕಡೆಯವರು ಹೊಸ ಭತ್ತದ ತೆನೆ ತರುತ್ತಾರೆ. ನಮ್ಮ ಕಡೆ ಆಗ ಹೆಸರು ಕೀಳುವ ಹೊತ್ತು. ನಮ್ಮವ್ವ ಹೆಸರುಕಾಯಿಯ ಗೊಂಚಲನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕೆಲವರು ನಕ್ಕರು. ಆಗಿದ್ದ ಫಾದರ್ ಅದನ್ನು ತಗೊಂಡು ಭತ್ತದ ಪಕ್ಕದಲ್ಲೇ ಇಟ್ಟು ಆಶೀರ್ವದಿಸಿದರು. ಮುಂದಿನ ವರ್ಷ ಹೆಸರುಕಾಯಿ ತಂದವರು ಹತ್ತು ಜನ.

ಕೇಶ್ವಾಪುರದ ಹುಡುಗಿ:
ಥ್ಯಾಂಕ್ಸ್ ಎಲ್ಲರಿಗೂ! ನಿನ್ನೆ ಫಾದರ್ ಬೀರು ತೆಗೆಸಿದರು. ಹಳೇ ರಿಜಿಸ್ಟರಿನ ಅಂಚು ಗೆದ್ದಲು ತಿಂದಿದೆ, ಆದರೆ ಓದಬಹುದು. ಮೂರನೇ ಪುಟದಲ್ಲೇ ಒಂದು ಮಗು, ಅಪ್ಪ ರೈಲು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಹೆಸರು ತಮಿಳು. ಜ್ಞಾನತಂದೆ ಗೋವಾದವರು, ಅಡ್ಡಹೆಸರು ನೋಡಿದರೇ ಗೊತ್ತಾಗುತ್ತೆ. ಜ್ಞಾನತಾಯಿಯ ಸಹಿ ಇರಬೇಕಾದ ಕಡೆ ಹೆಬ್ಬೆಟ್ಟು. ಅದರ ಕೆಳಗೆ ಫಾದರ್ ಬರೆದದ್ದು ಕನ್ನಡ ಹೆಸರು. ಕಟ್ಟಿಸಿದ್ದು ನಾವು ಅಂದ ಅಂಕಲ್‌ಗೆ ಫೋಟೋ ತೋರಿಸಿದೆ, ಕನ್ನಡಕ ಹುಡುಕಲು ಮನೆಗೆ ಹೋದವರು ಇನ್ನೂ ಬಂದಿಲ್ಲ.