ಫ್ಲಶ್ ಡ್ರಾ ಬಂದರೆ ಕಾಲ್ ಮಾಡೋದಾ, ರೇಸ್ ಮಾಡೋದಾ?

ಪ್ರಶ್ನೆ: ಶನಿವಾರ ರಾತ್ರಿ ಐದಾರು ಗೆಳೆಯರು ಸೇರಿ ನೋ-ಲಿಮಿಟ್ ಹೋಲ್ಡೆಮ್ ಪೋಕರ್ ಆಡುತ್ತೇವೆ. ದುಡ್ಡಿಲ್ಲ, ಬರೀ ಚಿಪ್ಸ್. ಫ್ಲಶ್ ಡ್ರಾ (ಒಂದೇ ಜಾತಿಯ ನಾಲ್ಕು ಎಲೆ ಕೂಡಿ, ಐದನೆಯದಕ್ಕೆ ಕಾಯುವುದು) ಬಂದಾಗಲೆಲ್ಲ ಕಾಲ್ ಮಾಡಿ ಮಾಡಿ (ಎದುರಿನವರು ಹಾಕಿದಷ್ಟೇ ಹಾಕಿ) ಚಿಪ್ಸ್ ಕರಗಿಹೋಗುತ್ತವೆ. ಎದುರಿನವರನ್ನು ಓಡಿಸೋಣ ಅಂತ ರೇಸ್ ಮಾಡಿದರೆ (ಅದಕ್ಕಿಂತ ಹೆಚ್ಚು ಹಾಕಿದರೆ) ಯಾರೋ ಒಬ್ಬರು ಬಿಡುವುದೇ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

*

ನಾನೂ ಎರಡು ವರ್ಷ ಹೀಗೇ ಚಿಪ್ಸ್ ಸುರಿದಿದ್ದೇನೆ. ‘ಫ್ಲಶ್ ಡ್ರಾಗೆ 35%’ ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಫ್ಲಶ್ ಕೂಡುವ ಆ ಸಾಧ್ಯತೆ, ಮೇಜಿನ ಮೇಲೆ ಮೊದಲ ಮೂರು ಎಲೆ (ಫ್ಲಾಪ್) ಬಿದ್ದ ಮೇಲೆ ಬರುವ ಟರ್ನ್ (ನಾಲ್ಕನೆಯದು), ರಿವರ್ (ಐದನೆಯದು) ಎರಡೂ ಎಲೆ ನೋಡಿದರೆ ಮಾತ್ರ. ಒಂದೇ ಎಲೆಗೆ ಬರೀ 19%. ಕಾಣದ 47 ಎಲೆಗಳಲ್ಲಿ ನಮಗೆ ಬೇಕಾದವು 9, ಅಷ್ಟೇ.

ಪಾಟ್‌ನಲ್ಲಿ (ನಡುವೆ ಸೇರಿದ ಚಿಪ್ಸ್‌ನಲ್ಲಿ) 1,000 ಇದ್ದು ಎದುರಿನವರು 500 ಹಾಕಿದರು ಅನ್ನಿ. ನಾವು 500 ಕೊಟ್ಟು 1,500ಕ್ಕೆ ಕೈ ಚಾಚುತ್ತೇವೆ. ನಾಲ್ಕು ಸಲಕ್ಕೆ ಒಂದು ಸಲ ಗೆದ್ದರೆ ಸರಿಹೋಗುತ್ತದೆ. ಆದರೆ ನಮಗೆ ಬೀಳುವುದು ಐದಕ್ಕೆ ಒಂದು. ಟರ್ನ್‌ನಲ್ಲಿ ಅವರು ಮತ್ತೆ ಹಾಕುತ್ತಾರೆ, ನಾವು ಮತ್ತೆ ಕೊಡುತ್ತೇವೆ. ಫ್ಲಶ್ ಕೂಡಿದ ಮೇಲೆ ಅವರ ಹತ್ತಿರ ಇನ್ನೂ ಚಿಪ್ಸ್ ಜಾಸ್ತಿ ಇದ್ದು, ಅವು ನಮ್ಮ ಕಡೆ ಬರುವಂತಿದ್ದರೆ ಮಾತ್ರ ಆ ಕಾಲ್‌ಗೆ ಅರ್ಥ.

*

ನಾನು ಇದನ್ನು ಕಲಿತದ್ದು ಪಣಜಿಯಲ್ಲಿ, ಮಾಂಡೋವಿಯ ಮೇಲೆ (ಅದೇ, ನಮ್ಮ ಮಹದಾಯಿ) ನಿಂತ ಕ್ಯಾಸಿನೊ ಹಡಗಿನಲ್ಲಿ. ಕೈಯಲ್ಲಿ ಆಟಿನ್ ಎಕ್ಕ, ಆಟಿನ್ ಐದು. ಫ್ಲಾಪ್‌ನಲ್ಲಿ ರಾಜ, ಏಳು ಎರಡೂ ಆಟಿನ್, ಜೊತೆಗೆ ಇಸ್ಪೀಟ್ ಎರಡು. ಪಾಟ್ 1,200. ಎದುರಿನ ಹುಡುಗ 600 ಹಾಕಿದ. ನಾನು 1,800ಕ್ಕೆ ಏರಿಸಿದೆ. ಕೈಯಲ್ಲಿ ಏನೂ ಇಲ್ಲದ ಬ್ಲಫ್ ಆಗಿದ್ದರೆ ಎರಡು ಸಲಕ್ಕೆ ಒಂದು ಸಲ ಅವನು ಫೋಲ್ಡ್ ಮಾಡಲೇಬೇಕಿತ್ತು (ಎಲೆ ಎಸೆಯಲೇಬೇಕಿತ್ತು). ಇಲ್ಲಿ ಅಷ್ಟು ಬೇಕಿರಲಿಲ್ಲ. ಅವನು ಕಾಲ್ ಮಾಡಿದರೂ ಆಟಿನ್ ಬರಬಹುದು, ಎಕ್ಕ ಬರಬಹುದು. ಸೆಮಿ-ಬ್ಲಫ್ ಅಂದರೆ ಇದೇ. ಹುಡುಗ ಎಲೆಯ ಮೂಲೆ ಎತ್ತಿ ನೋಡಿದ, ನನ್ನ ಮುಖ ನೋಡಿದ, ರಾಜ-ಒಂಬತ್ತು ತೋರಿಸಿ ಎಸೆದ.

ಗಂಟೆ ಬಿಟ್ಟು ಅಂಥದ್ದೇ ಡ್ರಾ. ಈ ಸಲ ಎದುರಿಗೆ ಒಬ್ಬರು ಅಂಕಲ್. ಸಂಜೆಯಿಂದ ಒಂದು ಜೋಡಿ ಸಿಕ್ಕರೂ ಬಿಟ್ಟವರಲ್ಲ, ಅದನ್ನು ನಾನೇ ನೋಡಿದ್ದೆ. ಆದರೂ ಏರಿಸಿದೆ. ಅವರು ಚಹಾ ಗುಟುಕರಿಸುತ್ತಲೇ ಕಾಲ್ ಅಂದರು. ಟರ್ನ್‌ನಲ್ಲಿ ಮತ್ತೆ ಹಾಕಿದೆ, ಮತ್ತೆ ಕಾಲ್. ರಿವರ್‌ನಲ್ಲಿ ಬಂದದ್ದು ಕಳಾವರ್ ಮೂರು. ಅವರ ಕೈಯಲ್ಲಿ ಇದ್ದದ್ದು ಆರರ ಜೋಡಿ! ಇಂಥವರ ಮುಂದೆ ಸುಮ್ನೆ ಚೆಕ್ ಮಾಡಿ (ಏನೂ ಹಾಕದೆ) ಅಗ್ಗದಲ್ಲಿ ಎಲೆ ನೋಡಬೇಕು. ಫ್ಲಶ್ ಬಂದಾಗ ದೊಡ್ಡದಾಗಿ ಹಾಕಬೇಕು. ಹೇಗೂ ಕಾಲ್ ಮಾಡುತ್ತಾರೆ, ಅಲ್ವಾ?

*

ಎಲ್ಲ ಡ್ರಾಗಳೂ ಒಂದೇ ಅಲ್ಲ. ಆಟಿನ್ ಆರು-ಐದು ಹಿಡಿದು ಫ್ಲಶ್ ಮಾಡಿ, ರಾಣಿಯ ದೊಡ್ಡ ಫ್ಲಶ್‌ಗೆ ನನ್ನ ಪೂರ್ತಿ ಚಿಪ್ಸ್ ಕೊಟ್ಟವನು ನಾನು. ಸ್ಟ್ರೈಟ್‌ನ (ಸಾಲಾಗಿ ಐದು ಎಲೆ) ನಡುವಿನ ಎಲೆಗೆ ಕಾಯುವ ಗಟ್‌ಶಾಟ್‌ಗೆ 4 ಎಲೆ ಮಾತ್ರ, ಅದಕ್ಕೆ ದುಡ್ಡು ಕೊಟ್ಟು ಕಾಯುವುದನ್ನು ಬಿಟ್ಟಿದ್ದೇನೆ. ಎರಡೂ ತುದಿಯ ಸ್ಟ್ರೈಟ್ ಡ್ರಾ ಜೊತೆ ಫ್ಲಶ್ ಡ್ರಾನೂ ಸೇರಿದರೆ 15 ಎಲೆ. ಎರಡೂ ಎಲೆ ನೋಡಿದರೆ ಅದು 54%. ಅಲ್ಲಿ ಫ್ಲಾಪ್‌ನಲ್ಲೇ ಆಲ್-ಇನ್ ಹೋಗುತ್ತೇನೆ (ಇದ್ದ ಚಿಪ್ಸ್ ಎಲ್ಲ ಹಾಕುತ್ತೇನೆ). ಆಮೇಲೆ ನಮ್ಮನ್ನು ಟರ್ನ್‌ನಲ್ಲಿ ಓಡಿಸಲು ಯಾರಿಗೂ ಆಗುವುದಿಲ್ಲ.

*

ಫ್ರೀ ಚಿಪ್ಸ್ ಆಪ್‌ನಲ್ಲಿ ಇದನ್ನು ಅಭ್ಯಾಸ ಮಾಡಲು ಮಾತ್ರ ಹೋಗಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದ ಮೇಲೆ ನಾನೂ ಫ್ರೀ ಚಿಪ್ಸ್ ಆಪ್‌ಗೆ ಇಳಿದಿದ್ದೆ. ಕಳೆದುಕೊಳ್ಳಲು ಏನೂ ಇಲ್ಲದವರು ಯಾಕೆ ಫೋಲ್ಡ್ ಮಾಡುತ್ತಾರೆ? ನಿಮ್ಮ ಶನಿವಾರದ ಆಟದ ತೊಂದರೆಯೂ ಅದೇ ಇರಬೇಕು. ಮೊದಲು ಚಿಪ್ಸ್ ಖಾಲಿ ಮಾಡಿಕೊಂಡವರು ಮುಂದಿನ ವಾರ ಎಲ್ಲರಿಗೂ ಬಿರಿಯಾನಿ ತರಬೇಕು ಅಂತ ಇಟ್ಟು ನೋಡಿ. ನಮ್ಮಲ್ಲಿ ಆ ನಿಯಮ ಬಂದ ಮೊದಲ ರಾತ್ರಿಯೇ ಮೂರು ಜನ ಟಾಪ್ ಪೇರ್ (ಮೇಜಿನ ಮೇಲಿನ ಅತಿ ದೊಡ್ಡ ಎಲೆಯ ಜೋಡಿ) ಎಸೆದರು.