ಕದ್ದ ಪಾರ್ಟ್ ಗೊತ್ತಿಲ್ಲದೆ ಕೊಂಡರೆ ನಮ್ಮ ಮೇಲೂ ಕೇಸ್ ಆಗುತ್ತಾ?

ಪ್ರಶ್ನೆ: ಹಳೇ ಇಂಜಿನ್ ಒಂದನ್ನು ಅರ್ಧ ರೇಟಿಗೆ ಕೊಂಡೆ, ಬಿಲ್ ಕೊಡಲಿಲ್ಲ. ಮನೆಗೆ ತಂದು ಗ್ರೀಸ್ ಒರೆಸಿ ನೋಡಿದರೆ ನಂಬರ್ ಇರಬೇಕಾದ ಜಾಗದಲ್ಲಿ ಬರೀ ಗ್ರೈಂಡರ್ ಗೀರು! ಕದ್ದವನು ನಾನಲ್ಲವಲ್ಲ, ಸುಮ್ನೆ ಗಾಡಿಗೆ ಹಾಕಿಕೊಂಡರೆ ತೊಂದರೆನಾ?

ಉತ್ತರ 1: ತೊಂದರೆನೇ. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದು ಬೇರೆಯದೇ ಅಪರಾಧ. ಭಾರತದಲ್ಲಿ ಮೊದಲು ಐಪಿಸಿ 411 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್. 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಂಗ್ಲೆಂಡಿನಲ್ಲಿ 14 ವರ್ಷದವರೆಗೂ ಹೋಗಬಹುದು.

ಕೇಳಿದವರು: ಆದರೆ ಕೊಳ್ಳುವಾಗ ಗೊತ್ತಿರಲಿಲ್ಲವಲ್ಲ ಸರ್?

ಉತ್ತರ 2: ಈಗ ಗೊತ್ತಾಗಿದೆ ಅಲ್ವಾ? ‘ಕದ್ದ ಮಾಲು ಅಂತ ನಂಬಲು ಕಾರಣವಿತ್ತು’ ಅಂತಾದರೂ ಸಾಕು, ಬಿಲ್ ಇಲ್ಲ, ಅರ್ಧ ರೇಟು, ನಂಬರ್ ಉಜ್ಜಿದೆ, ಇನ್ನೇನು ಕಾರಣ ಬೇಕು ಹೇಳಿ. ಅಂದಹಾಗೆ ಉಜ್ಜಿದ ಮಾತ್ರಕ್ಕೆ ನಂಬರ್ ಹೋಗಲ್ಲ. ಪಂಚ್ ಮಾಡಿದಾಗ ಒಳಗಿನ ಲೋಹವೂ ಒತ್ತಿರುತ್ತದೆ, ಲ್ಯಾಬಿನವರು ಆಸಿಡ್ ಹಚ್ಚಿದರೆ ಎಷ್ಟೋ ಸಲ ಮತ್ತೆ ಮೂಡುತ್ತದೆ.

ಉತ್ತರ 3: ಬೇರೆಯವರಿಗೆ ದಾಟಿಸಲು ಮಾತ್ರ ಹೋಗಬೇಡಿ, ಕೇಸ್ ಇನ್ನೂ ಜಾಸ್ತಿ ಆಗುತ್ತದೆ. ಮಾರಿದವನ ಜೊತೆಗಿನ ಚಾಟ್, ದುಡ್ಡು ಕಳಿಸಿದ ದಾಖಲೆ ಅಳಿಸದೆ ಇಟ್ಟುಕೊಂಡು ಒಬ್ಬ ವಕೀಲರನ್ನು ಕಂಡು, ನೀವೇ ಮೊದಲು ಪೊಲೀಸರಿಗೆ ತಿಳಿಸಿ. ಇಂಜಿನ್ ಆಸೆ ಬಿಟ್ಟುಬಿಡಿ.