ಸಹಾಯ ಬೇಕು: ಚಿಪ್ಪರ್ ಯಂತ್ರಕ್ಕೆ ಹಾಕಲು ಕಿರಿಕಿರಿ ಮಾಡುವ ಮರಗಳ ಬಗ್ಗೆ

ಮಾನ್ಯ ಸದಸ್ಯರಿಗೆ ನಮಸ್ಕಾರಗಳು. ಕತ್ತರಿಸಿದ ಕೊಂಬೆಗಳನ್ನು ಚಿಪ್ಪರ್ ಯಂತ್ರದಲ್ಲಿ ಚೂರು ಮಾಡಿ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹರಡುವ ನನಗೆ ಕೆಲವು ಜಾತಿಯ ಮರಗಳ ವಿಷಯದಲ್ಲಿ ಅನುಭವಿಗಳ ಸಲಹೆ ಬೇಕಾಗಿದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ತಾಳೆ ಜಾತಿಯ ಗರಿಗಳು ಮತ್ತು ನೀಲಗಿರಿಯ ತೊಗಟೆ. ಇವುಗಳ ನಾರು ಬ್ಲೇಡಿಗೆ ಸಿಕ್ಕಿ ತುಂಡಾಗುವ ಬದಲು ಉದ್ದುದ್ದ ಎಳೆಗಳಾಗಿ ಸೀಳಿಕೊಂಡು, ಕೊಂಬೆಯನ್ನು ಒಳಗೆಳೆಯುವ ರೋಲರಿನ ತುದಿಯಲ್ಲಿ ಬೇರಿಂಗಿನ ಪಕ್ಕದಲ್ಲೇ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಆಮೇಲೆ ಎಂಜಿನ್ ಪೂರ್ತಿ ನಿಲ್ಲಿಸಿ, ಕೀಲಿ ತೆಗೆದಿಟ್ಟು, ಚೂರಿಯಿಂದ ಪದರ ಪದರವಾಗಿ ಕೊಯ್ದು ಬಿಡಿಸಬೇಕಾಗುತ್ತದೆ. ಬ್ಲೇಡಿಗೆ ಹೊಸದಾಗಿ ಸಾಣೆ ಹಿಡಿಸಿದ್ದರೂ, ಅದಕ್ಕೂ ಎದುರಿನ ಅಡ್ಡಪಟ್ಟಿಗೂ ನಡುವಿನ ಅಂತರ ತುಸು ಹೆಚ್ಚಿದರೆ ಸಾಕು, ಮತ್ತೆ ಇದೇ ಪಾಡು. ಗರಿಗಳನ್ನು ಗಟ್ಟಿ ಕೊಂಬೆಗಳ ಜೊತೆ ಬೆರೆಸಿ ಹಾಕುವುದು ಉತ್ತಮವೇ, ಅಥವಾ ಮೊದಲೇ ಗಿಡ್ಡ ತುಂಡುಗಳಾಗಿ ಕಡಿದುಕೊಳ್ಳಬೇಕೇ?

ಜಾಲಿಯ ಮುಳ್ಳು ಕೈಗವಸನ್ನೂ ತೂರುತ್ತದೆ. ಅದರ ಕವಲುಕೊಂಬೆ ಒಳಗೆ ಹೋಗುವಾಗ ಹೊರಳಿ ಮುಖಕ್ಕೆ ಬಡಿಯುವುದೂ ಉಂಟು. ಪೈನ್ ಮರದ ಅಂಟು ಬ್ಲೇಡಿಗೆ ಮೆತ್ತಿಕೊಂಡರೂ, ಅದನ್ನು ಹೇಗೋ ಒರೆಸಿಕೊಳ್ಳಬಹುದು.

ನನಗೆ ನಿಜವಾದ ಅಳುಕಿರುವುದು ಕಣಗಿಲೆ ಮತ್ತು ಕಳ್ಳಿಯ ಬಗ್ಗೆ. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಆದ್ದರಿಂದ ಇವೆರಡನ್ನೂ ಸದ್ಯಕ್ಕೆ ಬೇರೆಯಾಗಿ ಒಟ್ಟಿಟ್ಟಿದ್ದೇನೆ. ಕನ್ನಡಕ, ಮುಖಗವಸು ಧರಿಸಿ ಇವನ್ನು ಯಂತ್ರಕ್ಕೆ ಹಾಕಿದವರು ಇದ್ದರೆ, ಆ ಚೂರುಗಳನ್ನು ಜಾನುವಾರುಗಳಿಗೆ ಸಿಗದಂತೆ ಹೇಗೆ ವಿಲೇವಾರಿ ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.